ಬಾನೆಟ್ಟಿನ ಮೇಲೆ ಹಿಮ

ಹೋದ ವಾರ ಮಳೆ ಬಂದಾಗ ಬಾಲ್ಕನಿಯಲ್ಲಿ ಗಾಳಿಗೆ ಹಾಕಿದ್ದ ಕರಿ ಕಂಬಳಿಯನ್ನು ಒಳಗೆ ತರಲು ಮರೆತಿದ್ದೆ. ದುಬೈಯಲ್ಲಿ ಬಾಲ್ಕನಿಗೆ ಹಾಕಿದ್ದು ಒಣಗುತ್ತದೆ. ಅದು ನೆನೆಯುತ್ತದೆ ಎಂಬ ಯೋಚನೆ ಯಾರ ತಲೆಗೂ ಬರುವುದಿಲ್ಲ. ನೆನಪಾಗಿ ಓಡುವಷ್ಟರಲ್ಲಿ ಅದು ನೀರು ಕುಡಿದು ಎಮ್ಮೆಯಷ್ಟು ಭಾರವಾಗಿತ್ತು. ಎಳೆದು ನಡುಮನೆಗೆ ತಂದು ಹಾಕಿದೆ. ಒದ್ದೆ ಉಣ್ಣೆಯ ವಾಸನೆ ಡಿಸ್ಕವರಿ ಗಾರ್ಡನ್ಸಿನ ನಮ್ಮ ಒಂದು ಬೆಡ್‌ರೂಮಿನ ಮನೆಯನ್ನೆಲ್ಲ ತುಂಬಿಕೊಂಡಿತು.

"ಮನೆ ಕುರಿಹಟ್ಟಿ ಆಯ್ತು" ಎಂದಳು ನನ್ನ ಹೆಂಡತಿ ಶಶಿಕಲಾ, ಮೂಗು ಮುಚ್ಚಿಕೊಂಡು.

ಕಂಬಳಿಯಲ್ಲಿ ಉಣ್ಣುತ್ತಾ ಕೂದಲೆಣಿಸಬಾರದು ಎಂದು ಅವಳಿಗೆ ನಾನು ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. ಆದರೆ ಆ ಹೊತ್ತಿಗೆ ನನಗೆ ವಾದ ಮಾಡುವ ಮನಸ್ಸಿರಲಿಲ್ಲ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾಲ್ಕು ವರ್ಷದ ಹಿಂದಿನ ಒಂದು ಮಾರ್ಚ್ ತಿಂಗಳು ಇಡಿಯಾಗಿ ಎದುರಿಗೆ ಬಂದು ನಿಂತಿತು. ಚಳಿಗಾಲ ಮುಗಿಯಿತು ಎಂದು ಎಲ್ಲರೂ ಸ್ವೆಟರ್ ಕಟ್ಟಿಟ್ಟ ಮೇಲೆ ಬಂದ ಮಳೆ ಅದು. ಆಗ ನಮ್ಮ ಸಿರಿ ಐದನೇ ಕ್ಲಾಸು.

ಮೊದಲು ನನ್ನ ಕೆಲಸ ಏನೆಂದು ಹೇಳಬೇಕು, ಯಾಕೆಂದರೆ ಆ ಮಾರ್ಚ್ ತಿಂಗಳ ಗಲಾಟೆಗೆಲ್ಲ ಅದೇ ಕಾರಣ. ನಾನು ಹಿಮ ಮಾಡುವವನು. ನಗೆಯಾಡುತ್ತಿಲ್ಲ. ಇಲ್ಲಿಯ ಒಂದು ಮಾಲಿನೊಳಗೆ ಹಿಮದ ಹಾಲ್ ಇದೆ. ಹೊರಗೆ ಡಾಂಬರು ಕರಗುತ್ತಿದ್ದರೂ ಒಳಗೆ ಜನ ಜಾಕೆಟ್ ಹಾಕಿಕೊಂಡು ಜಾರುತ್ತಾರೆ, ಬೀಳುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಅವರೆಲ್ಲ ಹೋದ ಮೇಲೆ ನಾವು ಆ ಜಾಗವನ್ನು ಇನ್ನಷ್ಟು ತಣ್ಣಗೆ ಮಾಡಿ, ಚಾವಣಿಯ ನಳಿಕೆಗಳಿಂದ ನೀರನ್ನು ಮಂಜಿನಂತೆ ಸಿಂಪಡಿಸುತ್ತೇವೆ. ನೀರು ನೆಲಕ್ಕೆ ಬರುವಷ್ಟರಲ್ಲಿ ಹೆಪ್ಪುಗಟ್ಟಿ ಬೆಳ್ಳಗೆ ಬೀಳುತ್ತದೆ. ಹಳೆಯ ಕೊಳೆ ಹಿಮವನ್ನು ಕೆರೆದು ತೆಗೆಯುವುದು, ಹೊಸದನ್ನು ಹರಡುವುದು, ಎಲ್ಲಿ ಗಟ್ಟಿ ಎಲ್ಲಿ ಮೆತ್ತಗೆ ಎಂದು ಕಾಲಲ್ಲಿ ತುಳಿದು ನೋಡುವುದು, ಇಷ್ಟು ನನ್ನ ಉದ್ಯೋಗ. ಊರು ಚಳ್ಳಕೆರೆ. ನಮ್ಮೂರಲ್ಲಿ ಬೆಳಗಿನ ಇಬ್ಬನಿಯನ್ನೂ ಯಾರಾದರೂ ಬಂದು ತೋರಿಸಬೇಕು, ಅಂಥ ಸೀಮೆ. ರೆಫ್ರಿಜರೇಶನ್ ಡಿಪ್ಲೊಮಾ ಮಾಡಿಕೊಂಡು ಸೋಡಾ ಫ್ಯಾಕ್ಟರಿಯಲ್ಲಿದ್ದ ತಿಪ್ಪೇಸ್ವಾಮಿ ಮರಳುಗಾಡಿಗೆ ಹೋಗಿ ಹಿಮ ಮಾಡುತ್ತಾನೆ ಎಂದರೆ ಊರಿನ ಜನ ಇವತ್ತಿಗೂ ನಂಬುವುದಿಲ್ಲ. ನಮ್ಮಪ್ಪ ಮಾತ್ರ ನಂಬಿ, ಚಳಿ ತಡೆಯಲಿ ಎಂದು ಈ ಕಂಬಳಿ ಕೊಟ್ಟು ಕಳಿಸಿದ್ದರು.

ಸಿರಿಗೆ ಚಿಕ್ಕವಳಿದ್ದಾಗ ನನ್ನ ಕೆಲಸದ ಮೇಲೆ ಬಹಳ ಹೆಮ್ಮೆಯಿತ್ತು. ಬಿಲ್ಡಿಂಗಿನ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಆ ಫೆಬ್ರವರಿಯಲ್ಲಿ ಸ್ಕೂಲಿನ ಪೇರೆಂಟ್ಸ್ ಮೀಟಿಂಗಿಗೆ ಹೋದಾಗ ಅವಳ ಟೀಚರ್ ನನ್ನನ್ನು ನೋಡಿ, "ನೀವು ಇಂಜಿನಿಯರ್ ಅಂತೆ, ಬಿಲ್ಡಿಂಗ್ಸಾ, ಬ್ರಿಡ್ಜಸ್ಸಾ?" ಎಂದು ಕೇಳಿದರು. ನಾನು ಸಿರಿಯ ಮುಖ ನೋಡಿದೆ. ಅವಳು ತನ್ನ ಶೂಸನ್ನು ನೋಡುತ್ತಿದ್ದಳು. "ಹಾಂ, ಎಲ್ಲಾ ಸ್ವಲ್ಪ ಸ್ವಲ್ಪ" ಎಂದು ಏನೋ ಹೇಳಿ ಹೊರಗೆ ಬಂದೆ.

ಬಾಯಿ ಬಿಡಿಸುವ ಕೆಲಸ ಶಶಿಯದು. ಅವಳು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂತು ಕೂತು, ಎಲ್ಲಿ ನೋವು ಎಂದು ಕೇಳುವುದರಲ್ಲಿ ಪಳಗಿದವಳು. ವಿಷಯ ಇಷ್ಟು: ಕ್ಲಾಸಿನಲ್ಲಿ ತನಿಷಾ ಎಂಬ ಹುಡುಗಿ ಚಳಿಗಾಲದ ರಜೆಗೆ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದಿದ್ದಳು. ಸಿರಿ "ನಮ್ಮಪ್ಪ ಇಲ್ಲೇ ಸ್ನೋ ಮಾಡ್ತಾರೆ" ಎಂದಾಗ ಅವಳು, ಅದು ಸ್ನೋ ಅಲ್ಲ, ಫ್ರೀಜರಿನೊಳಗೆ ಕೆರೆಯುತ್ತೀವಲ್ಲ ಅದು, ನಿಮ್ಮಪ್ಪ ಐಸ್ ಮಾಡೋರು ಅಂದಳಂತೆ. ಮಾರನೆಯ ದಿನದಿಂದ ಹುಡುಗರು ಇವಳನ್ನು 'ಐಸ್ ಕ್ಯಾಂಡಿ' ಎಂದು ಕರೆದರಂತೆ. ಅಂದಿನಿಂದ ಅಪ್ಪ ಇಂಜಿನಿಯರ್.

"ಡ್ಯಾಡಿಗೆ ಹೇಳ್ಬೇಡ ಅಂದಿದ್ಳು, ನಾನು ಹೇಳ್ಬಿಟ್ಟೆ" ಎಂದಳು ಶಶಿ.

ನನಗೆ ಬೇಜಾರಾಯಿತು. ಬಹಳವೇ ಆಯಿತು. ಹನ್ನೊಂದು ವರ್ಷ ಹಿಮ ಮಾಡಿದವನು ಆಕಾಶದಿಂದ ಬಿದ್ದ ಹಿಮವನ್ನು ಒಮ್ಮೆಯೂ ನೋಡಿರಲಿಲ್ಲ. ಚಳ್ಳಕೆರೆಯಿಂದ ಬೆಂಗಳೂರು, ಬೆಂಗಳೂರಿಂದ ದುಬೈ, ಎರಡು ವರ್ಷಕ್ಕೊಮ್ಮೆ ಅದೇ ದಾರಿಯಲ್ಲಿ ವಾಪಸ್. ಇದರ ನಡುವೆ ಹಿಮ ಎಲ್ಲಿ ಸಿಗಬೇಕು? ನಾನು ಮಾಡುವುದು ಅಸಲಿಯೋ ನಕಲಿಯೋ ಎಂದು ನನಗೇ ಗೊತ್ತಿರಲಿಲ್ಲ. ಆ ತಿಂಗಳು ಸಿರಿ ಮಾಲಿನ ಕಡೆ ತಲೆ ಹಾಕಲಿಲ್ಲ. ಡ್ಯೂಟಿ ಮುಗಿಸಿ ನಾನು ಯೂನಿಫಾರ್ಮಿನಲ್ಲಿ ಮನೆ ಮುಟ್ಟುವ ಹೊತ್ತಿಗೆ ಅವಳು ಸ್ಕೂಲ್ ಬಸ್ಸಿಗೆ ಐದು ನಿಮಿಷ ಮೊದಲೇ ಇಳಿದು ಹೋಗುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಕೇಳಿದ್ದೆ. ಗಿಡಕ್ಕೆ ಹೇಗನ್ನಿಸುತ್ತದೆ ಎಂದು ಆಗ ತಿಳಿಯಿತು.

ಹೀಗಿರುವಾಗ ಮಾರ್ಚ್ ಬಂತು. ಡ್ಯೂಟಿಯ ಮಧ್ಯೆ ಚಹಾ ಕುಡಿಯುತ್ತಾ ನಾನು ಎಲ್ಲರಿಗೂ ಹೇಳಿದ್ದೆ: "ಇನ್ನೇನಿದ್ರೂ ಸೆಖೆ. ಚಳಿ ಖಲಾಸ್." ತಣ್ಣನೆಯ ವಿಷಯದಲ್ಲಿ ನಾನು ಹೇಳಿದ್ದೇ ವೇದವಾಕ್ಯ ಎಂದು ಅವರೆಲ್ಲ ನಂಬುತ್ತಿದ್ದರು. ಮೂರನೇ ದಿನಕ್ಕೆ ಆಕಾಶ ಕಪ್ಪಾಯಿತು. ಜೆಬೆಲ್ ಅಲಿ ಕಡೆಯಿಂದ ಮರಳಿನ ಗೋಡೆಯೊಂದು ಎದ್ದು ಬಂತು. ಅದರ ಹಿಂದೆ ಗುಡುಗು, ಅದರ ಹಿಂದೆ ಮಳೆ. ಒಂದು ಸಂಜೆ, ಒಂದು ರಾತ್ರಿ, ಮರುದಿನವೂ ಬಿಡದೆ ಹೊಡೆಯಿತು. ಅಂಡರ್‌ಪಾಸುಗಳು ಕೆರೆಯಾದವು. ಟ್ಯಾಂಕರುಗಳು ಬಂದು ರಸ್ತೆಯ ನೀರನ್ನು ಹೀರಿಕೊಂಡು ಹೋಗುತ್ತಿದ್ದವು. ನಮ್ಮ ಬಿಲ್ಡಿಂಗಿನಲ್ಲಿ ಹುಡುಕಿದರೂ ಒಂದು ಕೊಡೆ ಇರಲಿಲ್ಲ. ಇದ್ದರೂ ಯಾರೂ ಹಿಡಿಯುತ್ತಿರಲಿಲ್ಲವೇನೋ, ಕೋಟು ಟೈ ಹಾಕಿದ ಗಂಡಸರು ಕೂಡ ಕಾರ್ ಪಾರ್ಕಿಂಗಿನಲ್ಲಿ ಮುಖ ಮೇಲೆ ಮಾಡಿ ನೆನೆಯುತ್ತಾ ನಿಂತಿದ್ದರು. ಎಲ್ಲ ಮನೆಯಿಂದಲೂ ಬಜ್ಜಿಯ ವಾಸನೆ. ಮಳೆ ಅಂದರೆ ಇಲ್ಲಿ ಅದೇ ಒಂದು ಹಬ್ಬ. ಸ್ಕೂಲುಗಳು ಆನ್‌ಲೈನ್ ಆದವು ಎಂಬ ಮೆಸೇಜ್ ಬಂದಾಗ ಮಕ್ಕಳ ಕೇಕೆ ಎಲ್ಲ ಮಹಡಿಗೂ ಕೇಳಿಸಿತು.

ಎರಡನೆಯ ಸಂಜೆ ಡೆನಿಸ್ ಫೋನ್ ಮಾಡಿದ. ಡೆನಿಸ್ ನಮ್ಮ ಕೆಳಗಿನ ಮನೆಯವನು, ಶಿರ್ವದ ಕಡೆಯ ಕೊಂಕಣಿ, ಒಂದು ಹೋಟೆಲಿನ ಅಡುಗೆಮನೆಗೆ ಮೀನು ತರುವವನು. ಅವನ ಹಳೆಯ ಫೋರ್ ವೀಲ್ ಗಾಡಿಯ ಹಿಂಭಾಗದಲ್ಲಿ ಸದಾ ಥರ್ಮೋಕೋಲಿನ ಮೀನಿನ ಪೆಟ್ಟಿಗೆಗಳು.

"ಎಂತ ಸ್ವಾಮಿ, ನಿನ್ನ ಫ್ಯಾಕ್ಟರಿಯದ್ದು ಬೆಟ್ಟದ ಮೇಲೆ ಒಂದು ಬ್ರಾಂಚ್ ಓಪನ್ ಆಗಿದೆಯಂತಲ್ಲ. ವಿಡಿಯೋ ನೋಡಿದ್ಯಾ?"

ನೋಡಿದೆ. ರಾಸ್ ಅಲ್ ಖೈಮಾದ ಜೆಬೆಲ್ ಜೈಸ್ ಬೆಟ್ಟದ ತುದಿ ಬೆಳ್ಳಗಾಗಿತ್ತು. ಅರಬ್ಬರ ಬಿಳಿ ನಿಲುವಂಗಿ ಕಂದೂರಾ ತೊಟ್ಟ ಯಾರೋ ಬೊಗಸೆಯಲ್ಲಿ ಹಿಮ ತುಂಬಿಕೊಂಡು ಮೇಲಕ್ಕೆ ಎಸೆಯುತ್ತಿದ್ದರು. ನಾನು ಆ ವಿಡಿಯೋವನ್ನು ಎಂಟು ಸಲವಾದರೂ ನೋಡಿರಬೇಕು. ಆಲಿಕಲ್ಲು ಇರಬಹುದು ಎಂದುಕೊಂಡೆ. ಅಲ್ಲ. ಆಲಿಕಲ್ಲು ಹಾಗೆ ತೇಲುವುದಿಲ್ಲ.

"ನಾಳೆ ನಂಗೆ ಆಫ್ ಉಂಟು, ನಿಂಗೂ ಉಂಟು. ಹೋಗುವ" ಎಂದ ಡೆನಿಸ್.

ಬೆಳಿಗ್ಗೆ ಸಿರಿಯನ್ನು ಕರೆದೆ. "ಐ ಹ್ಯಾವ್ ಮ್ಯಾಥ್ಸ್" ಎಂದಳು ತಟ್ಟೆಯಿಂದ ತಲೆಯೆತ್ತದೆ. ಶಶಿ ಡ್ಯೂಟಿಗೆ ಹೊರಟಿದ್ದವಳು ಬಾಗಿಲಲ್ಲೇ ನಿಂತು, "ಟ್ಯಾಬಲ್ಲೇ ತಾನೇ ಕ್ಲಾಸು? ಕಾರಲ್ಲಿ ಕೂತ್ಕೊಂಡು ಕೇಳು" ಎಂದಳು. ಸಿರಿ ಯೋಚಿಸಿದಳು.

"ಅಲ್ಲಿರೋದು ರಿಯಲ್ ಸ್ನೋನಾ?"

"ಅಂತಾರಪ್ಪ."

"ಓಕೆ. ತನಿಷಾಗೆ ಫೋಟೋ ಕಳಿಸ್ಬೇಕು."

ರಿಯಲ್ ಎಂಬ ಮಾತು ನನ್ನನ್ನು ಚುಚ್ಚಿತು. ಆದರೂ ಮಗಳು ಬರುತ್ತಿದ್ದಾಳಲ್ಲ ಎಂದು ಜಾಕೆಟ್ ಹಾಕಿಕೊಂಡೆ. ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡಾಗ, "ಡ್ಯಾಡಿ, ಪ್ಲೀಸ್, ಅದು ಬೇಡ" ಎಂದಳು. ಗಾಡಿಯ ಹಿಂದೆ ಮೀನಿನ ಪೆಟ್ಟಿಗೆಯ ಮೇಲೆ ಹಾಸಿದೆ.

ಎರಡು ಗಂಟೆಯ ದಾರಿ ಮೂರೂವರೆ ಗಂಟೆಯಾಯಿತು. ಬೋಳು ಗುಡ್ಡಗಳಿಂದ ಕೆಂಪು ನೀರು ಇಳಿದು ರಸ್ತೆಗೆ ಅಡ್ಡಲಾಗಿ ಹರಿಯುತ್ತಿತ್ತು. ಸಿರಿ ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಭಿನ್ನರಾಶಿ ಕಲಿಯುತ್ತಿದ್ದಳು. ಒಂದು ಕಡೆ ಇದ್ದಕ್ಕಿದ್ದಂತೆ ಆಲಿಕಲ್ಲು ಸುರಿಯತೊಡಗಿತು. ಗಾಡಿಯ ತಗಡಿನ ಮೇಲೆ ಗೋಲಿಯಾಟ. ಸರಿಯಾಗಿ ಆಗಲೇ ಟೀಚರ್ ಸಿರಿಯನ್ನು ಉತ್ತರ ಕೇಳಿದರು. ಅವಳು ಮೈಕ್ ಆನ್ ಮಾಡಿದ್ದೇ ತಡ, ಇಡೀ ಕ್ಲಾಸಿಗೆ ಆ ಸದ್ದು.

"ಸಿರಿ, ವಾಟ್ ಈಸ್ ದಟ್ ನಾಯ್ಸ್?"

"ಮ್ಯಾಮ್, ನಮ್ಮನೇಲಿ ಒಗ್ಗರಣೆ" ಎಂದು ಇಂಗ್ಲಿಷಿನಲ್ಲಿ ಏನೋ ಅದೇ ಅರ್ಥದ್ದು ಹೇಳಿ ಮ್ಯೂಟ್ ಮಾಡಿದಳು. ಡೆನಿಸ್ ಸ್ಟಿಯರಿಂಗಿಗೆ ತಲೆ ಹಚ್ಚಿಕೊಂಡು ನಕ್ಕ. ಒಂದು ತಿಂಗಳಲ್ಲಿ ಮೊದಲ ಸಲ ಸಿರಿಯೂ ನಾನೂ ಒಟ್ಟಿಗೆ ನಕ್ಕೆವು.

ಬೆಟ್ಟದ ರಸ್ತೆ ಅರ್ಧ ಏರಿದ ಮೇಲೆ ಪೊಲೀಸರು ಗಾಡಿಗಳನ್ನು ತಡೆದಿದ್ದರು. ಮೇಲೆ ರಸ್ತೆ ಜಾರುತ್ತಿದೆ, ಇಳಿಯುವವರು ಇಳಿಯಲಿ, ಹತ್ತುವುದು ಸಾಕು. ಡೆನಿಸ್ ತನಗೆ ಗೊತ್ತಿದ್ದ ನಾಲ್ಕು ಅರಬ್ಬಿ ಮಾತನ್ನೂ ಖರ್ಚು ಮಾಡಿದ. ಪೊಲೀಸಿನವನು ನಗುತ್ತಲೇ "ಮಾಫಿ" ಎಂದ. ಇಲ್ಲ ಎಂದರೆ ಇಲ್ಲ. ಪಕ್ಕದ ಅಗಲ ಜಾಗದಲ್ಲಿ ಗಾಡಿ ನಿಲ್ಲಿಸಿದೆವು. ಅಲ್ಲಿ ಆಗಲೇ ಮೂವತ್ತು ನಲವತ್ತು ಕಾರು. ವ್ಯಾನೊಂದರಲ್ಲಿ ಕರಕ್ ಚಹಾ ಮಾರುತ್ತಿದ್ದರು. ಸಿರಿಯ ಮುಖ ಸಣ್ಣದಾಯಿತು.

"ಸೋ, ನೋ ಸ್ನೋ" ಎಂದಳು.

ಆದರೆ ಮೇಲಿಂದ ಇಳಿದು ಬರುತ್ತಿದ್ದ ಗಾಡಿಗಳಲ್ಲಿ ಹಿಮ ಇತ್ತು. ಪ್ರತಿಯೊಬ್ಬರೂ ಬಾನೆಟ್ಟಿನ ಮೇಲೆ ಒಂದೊಂದು ಗುಡ್ಡೆ ಹಾಕಿಕೊಂಡು ಮೆರವಣಿಗೆಯಂತೆ ಬರುತ್ತಿದ್ದರು. ಕೆಲವು ಗುಡ್ಡೆಗಳಿಗೆ ಕಣ್ಣು ಮೂಗು, ಒಂದಕ್ಕೆ ತಲೆಯ ಮೇಲೆ ಕೆಂಪು ಚೌಕುಳಿಯ ಬಟ್ಟೆ. ಊರಿಗೆ ಮುಟ್ಟಿಸಿ ತೋರಿಸಬೇಕೆಂಬ ಆಸೆ ಅವರಿಗೆ. ಅದು ಊರು ಮುಟ್ಟುವುದಿಲ್ಲವೆಂದು ನನಗೆ ನೋಡುತ್ತಲೇ ಗೊತ್ತಾಯಿತು. ಕೆಳಗೆ ಇಂಜಿನ್ ಕಾದಿರುತ್ತದೆ, ಮೇಲೆ ಗಾಳಿ ಬೀಸುತ್ತದೆ. ಕಾದ ಹಂಚಿನ ಮೇಲೆ ಬೆಣ್ಣೆ ಇಟ್ಟು ಮೆರವಣಿಗೆ ಹೊರಟರೆ ಎಷ್ಟು ದೂರ ಹೋದೀತು?

ಆಗ ಬಿತ್ತು.

ಮಳೆಹನಿ ನಿಧಾನವಾದಂತೆ ಅನ್ನಿಸಿತು. ನೆಟ್ಟಗೆ ಬರುತ್ತಿದ್ದದ್ದು ಓರೆಯಾಗಿ, ಆಚೆ ಈಚೆ ಯೋಚಿಸುತ್ತಾ ಬರತೊಡಗಿತು. ನನ್ನ ಕಪ್ಪು ಜಾಕೆಟ್ಟಿನ ತೋಳಿನ ಮೇಲೆ ಒಂದು ಬಿತ್ತು. ಕಣ್ಣಿನ ಹತ್ತಿರ ತಂದು ನೋಡಿದೆ. ಆರು ಕೈ. ಪ್ರತಿ ಕೈಗೂ ಕವಲು, ಕವಲಿಗೂ ಕವಲು, ನಮ್ಮಮ್ಮ ಬಾಗಿಲಿಗೆ ಬಿಡುತ್ತಿದ್ದ ರಂಗೋಲಿಯಂತೆ. ಉಸಿರು ತಾಕಿದ್ದಕ್ಕೆ ಕರಗಿ ನೀರಾಯಿತು. ಇನ್ನೊಂದು ಬಿತ್ತು. ಅದೂ ಆರು ಕೈ, ಆದರೆ ಬೇರೆ ರಂಗೋಲಿ.

ನಾನು ಮಾಡುವ ಹಿಮವನ್ನು ಭೂತಗನ್ನಡಿಯಲ್ಲಿ ನೂರಾರು ಸಲ ನೋಡಿದ್ದೇನೆ. ಅದು ಗುಂಡಗೆ, ಸಾಬಕ್ಕಿಯ ಸಣ್ಣ ಕಾಳಿನಂತೆ. ಚಾವಣಿಯಿಂದ ನೆಲಕ್ಕೆ ಬರುವಷ್ಟು ಹೊತ್ತಿನಲ್ಲಿ ನೀರಿಗೆ ಹೆಪ್ಪುಗಟ್ಟಲು ಪುರುಸೊತ್ತು ಸಿಗುತ್ತದೆ, ಕೈಕಾಲು ಬೆಳೆಸಲು ಸಿಗುವುದಿಲ್ಲ. ಪುಸ್ತಕದಲ್ಲಿ ಓದಿದ್ದೆ, ಚಿತ್ರ ನೋಡಿದ್ದೆ. ತೋಳಿನ ಮೇಲೆ ಬಿದ್ದಾಗ ಮಾತ್ರ ಎದೆಯೊಳಗೆ ಏನೋ ಆಯಿತು. ಸಂತೋಷ ಎಂದೇ ಹೇಳಬೇಕು. ಅದರ ಬೆನ್ನಿಗೇ ಒಂದು ಸಣ್ಣ ನಾಚಿಕೆ.

ಸಿರಿ ನನ್ನ ತೋಳನ್ನೇ ನೋಡುತ್ತಿದ್ದಳು. ಸುಳ್ಳು ಹೇಳಬಹುದಿತ್ತು.

"ನಿನ್ನ ಫ್ರೆಂಡ್ ಹೇಳಿದ್ದು ಸುಳ್ಳಲ್ಲ ಕಣೆ" ಎಂದೆ. "ನೋಡು, ಇದು ಸ್ಟಾರು. ನಾನು ಮಾಡೋದು ಬರೀ ಗುಂಡು. ಇಂಥದ್ದು ನನ್ ಕೈಲಿ ಆಗಲ್ಲ."

ಅಮ್ಮ ತನ್ನ ಗುಟ್ಟು ಹೊರಹಾಕಿದ್ದಾಳೆ ಎಂದು ಅವಳಿಗೆ ಆಗ ಗೊತ್ತಾಯಿತು. ಕಿವಿ ಕೆಂಪಾಯಿತು. ಫೋನ್ ಜೇಬಿಗೆ ಹಾಕಿಕೊಂಡು ತನ್ನ ತೋಳನ್ನೂ ಮುಂದೆ ಚಾಚಿದಳು. ಅಪ್ಪ ಮಗಳು ಇಬ್ಬರೂ ಭಿಕ್ಷೆ ಬೇಡುವವರಂತೆ ಕೈ ಚಾಚಿ ನಿಂತೆವು. ಐದು ನಿಮಿಷವೂ ಇರಲಿಲ್ಲವೇನೋ, ಮತ್ತೆ ಮಳೆಯಾಯಿತು.

ಅಷ್ಟರಲ್ಲಿ ಮೇಲಿಂದ ಬಂದ ಪಿಕಪ್ ಒಂದು ನಮ್ಮ ಪಕ್ಕದಲ್ಲೇ ನಿಂತಿತು. ಅದರಿಂದ ಇಳಿದ ಎಮಿರಾಟಿ ಹುಡುಗನಿಗೆ ಇಪ್ಪತ್ತೈದು ಇರಬಹುದು, ಹೆಸರು ಸಯೀದ್. ಬಾನೆಟ್ಟಿನ ಮೇಲಿದ್ದ ತನ್ನ ಹಿಮದ ಗುಡ್ಡೆ ಒಂದು ಕಡೆಗೆ ಕುಸಿದು ನೀರಾಗಿ ಇಳಿಯುತ್ತಿದ್ದದ್ದನ್ನು ನೋಡಿ ಹಣೆ ಹಣೆ ಬಡಿದುಕೊಂಡ. ಡೆನಿಸ್ ಚಹಾ ಕೊಟ್ಟು ಮಾತಾಡಿಸಿದ. ಹುಡುಗ ಒಳ್ಳೆಯ ಹಿಂದಿಯಲ್ಲಿ ಕಥೆ ಹೇಳಿದ. ಬೆಟ್ಟದ ಬುಡದಿಂದ ಮುಕ್ಕಾಲು ಗಂಟೆ ದೂರದಲ್ಲಿ ಅವನ ಮನೆ. ಅಲ್ಲಿ ಅವನ ತಾಯಿ. ಮೊಣಕಾಲು ಪೂರ್ತಿ ಹೋಗಿ ಕುರ್ಚಿಯಿಂದ ಏಳುವುದಿಲ್ಲ. ಟಿವಿಯಲ್ಲಿ ಹಿಮ ಬಿದ್ದದ್ದನ್ನು ನೋಡಿದಾಗಿನಿಂದ, ನಮ್ಮ ಬೆಟ್ಟದ ಹಿಮ ನಾನು ಮುಟ್ಟಬೇಕು ಎಂದು ಹಟ. ಬೆಳಿಗ್ಗೆಯಿಂದ ಇವನು ಎರಡು ಸಲ ಹೊತ್ತೊಯ್ದಿದ್ದ. ಎರಡು ಸಲವೂ ಮನೆ ಬಾಗಿಲಿಗೆ ಮುಟ್ಟಿದ್ದು ಒದ್ದೆ ಬಾನೆಟ್ ಮಾತ್ರ. ಇದು ಮೂರನೆಯದು. ರಸ್ತೆ ಬಂದ್ ಆಗಿದೆ, ಇನ್ನು ಮೇಲೆ ಹೋಗಲು ಬಿಡುವುದಿಲ್ಲ.

"ನಿಮ್ಮಪ್ಪ ಏನು ಮಾಡ್ತಾರೆ?" ಎಂದು ಸುಮ್ಮನೆ ಮಾತಿಗೆ ಸಿರಿಯನ್ನು ಕೇಳಿದ.

"ಇಂಜಿನಿಯರ್" ಎಂದಳು ಸಿರಿ, ಅಭ್ಯಾಸಬಲದಿಂದ.

"ಹಾಗಾದ್ರೆ ಯಾ ಮುಹಂದಿಸ್, ಯಾ ಇಂಜಿನಿಯರ್ ಸಾಹೇಬ್ರೇ, ಇದಕ್ಕೊಂದು ದಾರಿ ಹೇಳಿ" ಎಂದು ನನ್ನ ಕಡೆ ಕೈ ಮುಗಿದ. ತಮಾಷೆಗೇ ಕೇಳಿದ್ದು.

ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಆರು ಕೈಯ ರಂಗೋಲಿ ಬಿಡಿಸಲು ನನಗೆ ಬಾರದಿರಬಹುದು. ಬಿದ್ದದ್ದನ್ನು ಉಳಿಸುವುದು ನನ್ನ ಹನ್ನೊಂದು ವರ್ಷದ ಅನ್ನ.

"ಇಂಜಿನ್ ಆಫ್ ಮಾಡು ಮೊದ್ಲು" ಎಂದೆ. "ಡೆನಿಸ್, ದೊಡ್ಡ ಪೆಟ್ಟಿಗೆ ತಾ. ತಳದಲ್ಲಿ ಚಾಕು ಹಾಕಿ ನಾಲ್ಕು ತೂತು ಮಾಡು."

"ತೂತು ಎಂತಕ್ಕೆ? ಹೊಸ ಪೆಟ್ಟಿಗೆ ಮಾರಾಯ."

"ಕರಗಿದ ನೀರು ಒಳಗೇ ನಿಂತ್ರೆ ಉಳಿದಿದ್ದನ್ನೂ ಅದೇ ತಿಂದುಹಾಕುತ್ತೆ. ನೀರು ಹೊರಗೆ ಹೋಗ್ಲೇಬೇಕು. ಮಾಡೋ."

ಅವನು ಮಾಡಿದ. ಗುಡ್ಡೆಯ ತಳದ ಕೊಚ್ಚೆಯನ್ನು ಬಿಟ್ಟು ಮೇಲಿನ ಒಳ್ಳೆಯ ಹಿಮವನ್ನು ಮಾತ್ರ ತಟ್ಟೆಯಲ್ಲಿ ಎತ್ತಿ ಪೆಟ್ಟಿಗೆಗೆ ಸುರಿದೆ. ಸಯೀದ್ ಮೆತ್ತಗೆ ಮುಟ್ಟುತ್ತಿದ್ದ, ಎಲ್ಲಿ ನೋವಾದೀತೋ ಎಂಬಂತೆ. "ಒತ್ತು, ಜೋರಾಗಿ ಒತ್ತು, ನಡುವೆ ಗಾಳಿ ಇರಬಾರ್ದು" ಎಂದು ಗದರಿಸಿದೆ. ಪಕ್ಕದ ಕಾರಿನ ಇಬ್ಬರು ಗಂಡಸರು ಕೇಳದೆಯೇ ಬಂದು ತಮ್ಮ ಬಾನೆಟ್ಟಿನದ್ದನ್ನೂ ತಂದು ಸುರಿದರು. ಅವರನ್ನೂ ಗದರಿಸಿದೆ. ಡ್ಯೂಟಿಯಲ್ಲಿ ನಾನು ಹಾಗೇ. ಸಿರಿ ನನ್ನನ್ನು ಆ ರೀತಿಯಲ್ಲಿ ಎಂದೂ ನೋಡಿರಲಿಲ್ಲ. ಮನೆಯಲ್ಲಿ ಗದರಿಸುವ ಇಲಾಖೆ ಶಶಿಯದು. ಸಿರಿ ಸ್ವಲ್ಪ ಹೊತ್ತು ನೋಡಿ, ಅಂಗಿಯ ತೋಳು ಮಡಿಸಿಕೊಂಡು ತಾನೂ ಒತ್ತಲು ನಿಂತಳು.

ಪೆಟ್ಟಿಗೆ ತುಂಬಿತು. ಆದರೆ ಮುಚ್ಚಳ ಇರಲಿಲ್ಲ. ಮುಚ್ಚಳದ ಮೇಲೆ ಕೂತು ಮೀನು ಮಾರುಕಟ್ಟೆಯಲ್ಲಿ ಯಾರೋ ಮುರಿದಿದ್ದರಂತೆ. ಡೆನಿಸ್ 'ಯಾರೋ' ಎಂದರೆ ಅದು ಡೆನಿಸ್ಸೇ. ನಾನು ಕಂಬಳಿ ತಂದು ಎರಡು ಮಡಿಕೆ ಮಾಡಿ ಪೆಟ್ಟಿಗೆಗೆ ಬಿಗಿಯಾಗಿ ಸುತ್ತಿದೆ. ಸಯೀದ್ ಗಾಬರಿಯಾಗಿ ನನ್ನ ಕೈ ಹಿಡಿದ.

"ಡ್ಯಾಡಿ, ಬ್ಲಾಂಕೆಟ್ ಹಾಕಿದ್ರೆ ಬಿಸಿ ಆಗಲ್ವಾ?" ಎಂದು ಸಿರಿಯೂ ಕೇಳಿದಳು.

"ಕಂಬಳಿಗೆ ಬಿಸಿ ಮಾಡೋಕೆ ಬರಲ್ಲ. ಒಳಗಿದ್ದಿದ್ದನ್ನ ಒಳಗೇ ಇಡೋಕೆ ಬರುತ್ತೆ, ಅಷ್ಟೆ. ನೀನು ಒಳಗಿದ್ರೆ ಬಿಸಿ ಕಾಪಾಡುತ್ತೆ, ಸ್ನೋ ಒಳಗಿದ್ರೆ ತಂಪು ಕಾಪಾಡುತ್ತೆ. ಅದಕ್ಕೆ ಭೇದ ಇಲ್ಲ."

ಅವಳು ಅದನ್ನೇ ಇಂಗ್ಲಿಷಿನಲ್ಲಿ ಸಯೀದನಿಗೆ ಹೇಳಿದಳು. ನನಗಿಂತ ಚೆನ್ನಾಗಿ ಹೇಳಿದಳು. ಪೆಟ್ಟಿಗೆಯನ್ನು ಇಂಜಿನ್ನಿಂದ ಆದಷ್ಟು ದೂರ, ಪಿಕಪ್ಪಿನ ಹಿಂಭಾಗದಲ್ಲಿ, ಒಂದು ಚಾಪೆಯ ಮೇಲೆ ಇಟ್ಟು ಕಟ್ಟಿದೆವು. "ಉಳಿಯುತ್ತಾ?" ಎಂದ ಸಯೀದ್. ಗೊತ್ತಿಲ್ಲ ಎನ್ನಬೇಕಿತ್ತು. "ಉಳೀದಿದ್ರೆ ನನ್ನ ಕೇಳು" ಎಂದುಬಿಟ್ಟೆ. ಹಾಗಾದರೆ ಜೊತೆಗೇ ಬನ್ನಿ, ಮನೆಯಲ್ಲಿ ಊಟ ಮಾಡದೆ ಬಿಡುವುದಿಲ್ಲ ಎಂದು ಅವನು ಹಟ ಹಿಡಿದ. "ಯಲ್ಲಾ, ಹೋಗುವ" ಎಂದ ಡೆನಿಸ್. ಊಟ ಎಂದರೆ ಅವನಿಗೆ ಅನುವಾದ ಬೇಕಿಲ್ಲ.

ಇಳಿಯುವ ದಾರಿಯುದ್ದಕ್ಕೂ ನಾನು ಮುಂದಿದ್ದ ಪಿಕಪ್ಪಿನ ಹಿಂಬದಿಯನ್ನೇ ನೋಡುತ್ತಿದ್ದೆ. ಕೆಳಗೆ ಇಳಿದಂತೆ ಮಳೆ ನಿಂತು ಎಳೆಬಿಸಿಲು ಬಂತು. ಬೇರೆ ಸಮಯದಲ್ಲಾದರೆ ಎಷ್ಟು ಚಂದ ಎನ್ನುತ್ತಿದ್ದೆ, ಆವತ್ತು ಬಿಸಿಲಿಗೆ ಶಾಪ ಹಾಕಿದೆ. ಪೆಟ್ಟಿಗೆಯ ತಳದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಮಗಳ ಮುಂದೆ ದೊಡ್ಡ ಮಾತಾಡಿ ಆಗಿದೆ. ಅಲ್ಲಿ ಕಂಬಳಿ ಬಿಚ್ಚಿದಾಗ ಒಂದು ಪೆಟ್ಟಿಗೆ ನೀರಿದ್ದರೆ, ಸ್ಟಾರು ಮಾಡಲೂ ಬರುವುದಿಲ್ಲ, ಇದ್ದದ್ದನ್ನು ಇಟ್ಟುಕೊಳ್ಳಲೂ ಬರುವುದಿಲ್ಲ ಎಂದಾಗುತ್ತದೆ. ಮತ್ತೆ ಅವಳನ್ನು ಯಾವ ಮುಖ ಹೊತ್ತು ಮಾಲಿಗೆ ಕರೆಯಲಿ? ಸಿರಿ ಹಿಂದಿನ ಸೀಟಿನಿಂದ ಬಗ್ಗಿ ನನ್ನ ಹೆಗಲಿನ ಮೇಲೆ ಗಲ್ಲ ಇಟ್ಟು ಅದೇ ಪೆಟ್ಟಿಗೆಯನ್ನು ನೋಡುತ್ತಿದ್ದಳು.

"ಇಟ್ ಈಸ್ ಡ್ರಿಪ್ಪಿಂಗ್" ಎಂದಳು.

"ತೊಟ್ಟಿಕ್ಕಲಿ. ಅದಕ್ಕೇ ತೂತು."



ಸಯೀದನ ಮನೆ ಖರ್ಜೂರದ ಮರಗಳ ನಡುವೆ ಇತ್ತು. ಅಂಗಳದ ಚಪ್ಪರದ ಕೆಳಗೆ ಅವನ ತಾಯಿ ಕುರ್ಚಿ ಹಾಕಿಸಿಕೊಂಡು ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಮುಖಕ್ಕೆ ಹಳೆಯ ಕಾಲದ, ಮುಖವಾಡದಂಥ ಹೊಳೆಯುವ ಬುರ್ಖಾ, ಅದರೊಳಗಿಂದ ಕಾಣುವುದು ಕಣ್ಣು ಮಾತ್ರ. ಆ ಕಣ್ಣು ಮಗನನ್ನು ನಂಬುತ್ತಿರಲಿಲ್ಲ. ಎರಡು ಸಲ ಒದ್ದೆ ಬಾನೆಟ್ ನೋಡಿದವರು ಅವರು. ಪೆಟ್ಟಿಗೆಯನ್ನು ಅವರ ಮೊಣಕಾಲಿನ ಹತ್ತಿರ ಸ್ಟೂಲಿನ ಮೇಲೆ ಇಟ್ಟೆವು. ಕಂಬಳಿಯ ಗಂಟನ್ನು ನಾನು ಬಿಚ್ಚಲು ಹೋದರೆ ಅದು ನೆನೆದು ಬಿಗಿದುಕೊಂಡಿತ್ತು. ಸಿರಿ ಬಂದು ಬಿಚ್ಚಿದಳು.

ಮುಕ್ಕಾಲು ಪೆಟ್ಟಿಗೆ ಇತ್ತು. ಬೆಳ್ಳಗೆ, ಗಟ್ಟಿಯಾಗಿ, ಮೇಲೆ ಕಂಬಳಿಯ ನೇಯ್ಗೆಯ ಗುರುತು ಮೂಡಿ.

ಆ ತಾಯಿ ಮೊದಲು ಒಂದು ಬೆರಳು ಇಟ್ಟರು. ಆಮೇಲೆ ಅಂಗೈ. ಆಮೇಲೆ ಎರಡೂ ಕೈ ಮಣಿಕಟ್ಟಿನವರೆಗೆ ಹುದುಗಿಸಿದರು. ನಗು ಎಲ್ಲಿಂದ ಶುರುವಾಯಿತೋ, ಹೆಗಲು ಕುಣಿಯತೊಡಗಿತು. ಒಂದು ಚಿಟಿಕೆ ತೆಗೆದು ಬುರ್ಖಾದ ಕೆಳಗಿನಿಂದ ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆಯನ್ನು ಮಗನ ಕುತ್ತಿಗೆಗೆ ತುರುಕಿದರು. ಇಪ್ಪತ್ತೈದು ವರ್ಷದ ಹುಡುಗ ಅಂಗಳದಲ್ಲೆಲ್ಲ ಕುಣಿದ. ಡೆನಿಸ್ ಶಿಲುಬೆಯ ಗುರುತು ಹಾಕಿಕೊಂಡ. ಯಾಕೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ.

ಸಮಾಧಾನವಾದ ಮೇಲೆ ಅವರು ನನ್ನ ಕಡೆ ತೋರಿಸಿ ಮಗನನ್ನು ಏನೋ ಕೇಳಿದರು. ಅವನು "ಮುಹಂದಿಸ್" ಎಂದ.

"ನೋ" ಎಂದಳು ಸಿರಿ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಎಡಗಾಲಿನಿಂದ ಬಲಗಾಲಿಗೆ ಭಾರ ಬದಲಾಯಿಸಿದಳು. ಆದರೆ ಈ ಸಲ ಶೂಸನ್ನು ನೋಡಲಿಲ್ಲ.

"ಹಿ ಈಸ್ ನಾಟ್ ಆನ್ ಇಂಜಿನಿಯರ್. ಹಿ ಮೇಕ್ಸ್ ಸ್ನೋ. ದುಬೈಯಲ್ಲಿ. ನಮ್ಮಪ್ಪ ಸ್ನೋ ಮಾಡ್ತಾರೆ."

ಸಯೀದ್ ನನ್ನನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ಆಮೇಲೆ ನಗುತ್ತಾ ತಾಯಿಗೆ ಹೇಳಿದ. ಅವರು ಹಿಮದಿಂದ ಕೈ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಏನೋ ಕೇಳಿದರು. ಸಯೀದ್ ಅದನ್ನು ಸಿರಿಗೆ ತಿರುಗಿಸಿ ಹೇಳಿದ: ಹಾಗಾದರೆ ಇದನ್ನೂ ಮಾಡಿದ್ದು ನಿಮ್ಮಪ್ಪನೇನಾ?

ಸಿರಿ ಹೌದು ಎಂದಿದ್ದರೆ ಆ ಅಂಗಳದಲ್ಲಿ ಅಲ್ಲವೆನ್ನುವವರು ಯಾರೂ ಇರಲಿಲ್ಲ.

"ಇಲ್ಲ, ಇದು ಮೇಲಿಂದ ಬಿದ್ದಿದ್ದು" ಎಂದಳು. "ಇದ್ರಲ್ಲಿ ಸ್ಟಾರ್ಸ್ ಇದೆ. ಅಪ್ಪಂದ್ರಲ್ಲಿ ಇಲ್ಲ. ಬಟ್ ಅಪ್ಪಂದೇ ಬೆಟರ್. ಇದು ನಾಳೆ ಇರಲ್ಲ. ಅಪ್ಪಂದು ಜುಲೈನಲ್ಲೂ ಇರುತ್ತೆ."

ಅರ್ಧ ಕನ್ನಡ ಅರ್ಧ ಇಂಗ್ಲಿಷು, ಸಯೀದನಿಗೆ ಎಷ್ಟು ತಿಳಿಯಿತೋ, ಅಷ್ಟನ್ನು ಅರಬ್ಬಿಗೆ ಹಾಕಿದ. ತಾಯಿಯ ಕಣ್ಣು ಅಗಲವಾಯಿತು. ಈ ಸಲ ಅವರು ಸಿರಿಯನ್ನೂ ಕೇಳಲಿಲ್ಲ, ಮಗನನ್ನೂ ಕೇಳಲಿಲ್ಲ. ನನ್ನನ್ನೇ ಕೇಳಿದರು, ಜುಲೈ ಎಂಬ ಒಂದೇ ಮಾತಿನಲ್ಲಿ, ಕೊನೆಗೆ ರಾಗ ಎಳೆದು.

"ಹೌದಮ್ಮ, ಜುಲೈಯಲ್ಲೂ" ಎಂದೆ. ಕನ್ನಡದಲ್ಲೇ ಬಂತು. ಅವರಿಗೆ ಅರ್ಥವಾಯಿತು.